ವಿನಯದ ಕೋಟು

ಮೂರು ಮೀಟರು ಕಪ್ಪು ಬಟ್ಟೆ, ಆರು ಗುಂಡಿ, ಒಂದು ಮಧ್ಯಾಹ್ನ. ಇಷ್ಟರಲ್ಲಿ ನಾನು ಒಬ್ಬ ಮಂತ್ರಿಯನ್ನು ಹೊಲಿದು ಮುಗಿಸಿದ್ದೇನೆ. ಮಂತ್ರಿಗೆ ಕೋಟು ಹೊಲಿದೆ ಎಂದು ತಿದ್ದಿ ಓದಿಕೊಳ್ಳಬೇಡಿ. ಅದು ಯಾವ ದರ್ಜಿ ಬೇಕಾದರೂ ಮಾಡುವ ಕೆಲಸ. ನಾನು ಮಂತ್ರಿಯನ್ನೇ ಹೊಲಿದೆ. ನನ್ನ ಅಂಗಡಿಯ ಮೆಟ್ಟಿಲು ಹತ್ತುವಾಗ ಆತ ಬರೀ ಒಬ್ಬ ಶಾಲಾ ಮೇಷ್ಟ್ರು, ಇಳಿಯುವಾಗ ಜನನಾಯಕ. ನಡುವೆ ಇದ್ದದ್ದು ನನ್ನ ಕತ್ತರಿ ಒಂದೇ.

ನನ್ನ ಕತ್ತರಿಯ ವಿಷಯ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಅದರ ಸದ್ದು ಕೇಳಿದರೆ ಮೂರನೇ ಬೀದಿಯಲ್ಲಿ ಒಣಗಲು ಹಾಕಿದ ಬಟ್ಟೆ ಹೆದರಿ ತಾನಾಗಿ ಎರಡಾಗುತ್ತದೆ. ಓಡುವ ಬಸ್ಸಿನಲ್ಲಿ, ಕಣ್ಣು ಮುಚ್ಚಿಕೊಂಡು, ಪಕ್ಕದವನ ಸೂಜಿಗೆ ದಾರ ಪೋಣಿಸಿದವನು ನಾನು. ‘ಒಂದು ಕಾಜಾ ಹಾಕೋಕೆ ಮೂರು ದಿನ ತಗೋತಾರೆ’ ಎಂದು ನಮ್ಮ ಮನೆಯವಳು ಹೇಳುತ್ತಾಳೆ. ಮನೆಯವರಿಗೆ ಕಲೆಯ ಬೆಲೆ ತಿಳಿಯುವುದಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಒಂದು ಶಾಲೆ. ಎರಡು ಕೋಣೆ, ಒಂದು ಜಗಲಿ, ಒಂದು ಗಂಟೆ. ಆ ಗಂಟೆ ಬಾರಿಸುವ ಕೆಲಸ ಇಪ್ಪತ್ತೆರಡು ವರ್ಷದಿಂದ ನಮ್ಮ ಮನೆಯವಳದು. ಮೇಷ್ಟ್ರು ಆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅವರ ಬೆನ್ನು ಅಂದರೆ ಬೆನ್ನು! ಅಳತೆಗೋಲನ್ನು ನುಂಗಿ, ಅದು ಅರಗದೆ ನಿಂತುಬಿಟ್ಟ ಹಾಗೆ. ಅವರು ಬಗ್ಗಿ ಚಪ್ಪಲಿ ಹಾಕಿಕೊಂಡದ್ದನ್ನು ಕಂಡವರಿಲ್ಲ. ಕಾಲನ್ನೇ ಮೇಲಕ್ಕೆ ಕರೆಸಿಕೊಳ್ಳುತ್ತಿದ್ದರು. ತೋರುಬೆರಳು ಸದಾ ಗಾಳಿಯಲ್ಲಿ. ‘ನೀನು, ಎದ್ದೇಳು’ ಎನ್ನುವುದಕ್ಕೆಂದೇ ಹುಟ್ಟಿದ ಬೆರಳು. ಕೆಟ್ಟ ಮನುಷ್ಯನಲ್ಲ. ಆದರೆ ಅವರನ್ನು ಕಂಡರೆ ಪ್ರೀತಿ ಹುಟ್ಟುವುದಿರಲಿ, ಐವತ್ತು ದಾಟಿದವರಿಗೂ ಮಗ್ಗಿ ಮರೆತುಹೋಗುತ್ತಿತ್ತು. ಅಂಥವರು ಚುನಾವಣೆಗೆ ನಿಲ್ಲುತ್ತಾರೆ ಎಂದಾಗ ಚಹಾ ಅಂಗಡಿಯವನು, “ಅವ್ರ ಓಟು ಅವ್ರಿಗೆ ಗ್ಯಾರಂಟಿ. ಅವ್ರ ಹೆಂಡ್ತಿ ಓಟಿನ ಬಗ್ಗೆ ನಾನು ಮಾತು ಕೊಡಲ್ಲ,” ಎಂದಿದ್ದ.

ಹದಿನೈದು ವರ್ಷದ ಹಿಂದಿನ ಮಾತು. ಮೊದಲ ಸಭೆ ಶಾಲೆಯ ಅಂಗಳದಲ್ಲಿ. ಮೇಷ್ಟ್ರು ನಾನು ಹೊಲಿದ ಹೊಸ ಕೋಟಿನ ಪೊಟ್ಟಣ ಬಿಚ್ಚಿ, ವೇದಿಕೆಯ ಹಿಂದೆಯೇ ತೊಟ್ಟು, ಮೆಟ್ಟಿಲು ಹತ್ತಿದರು. ಮೂರನೇ ಗುಂಡಿ ಹಾಕಿದ್ದೇ ತಡ, ಆ ಬೆನ್ನು, ಯಾವ ದೇವರಿಗೂ ಬಾಗದ ಬೆನ್ನು, ಮೆಲ್ಲಗೆ ಬಾಗಿತು. ತಲೆ ಮುಂದೆ ಬಂತು. ಬೆರಳೆತ್ತಲು ಹೋದರು, ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಇನ್ನೊಂದು ಕೈ ಅದರ ಸಹಾಯಕ್ಕೆ ಹೋಗಿ ಅದೂ ಅಲ್ಲೇ ಉಳಿಯಿತು. ಎರಡೂ ಒಂದನ್ನೊಂದು ಹಿಡಿದುಕೊಂಡು ನಿಂತವು. ಬಾಗಿದ ಗಂಟಲಿನಿಂದ ಜೋರು ಮಾತು ಹೊರಡುವುದಿಲ್ಲ. ಹಾಗಾಗಿ ಮೆಲುದನಿಯಲ್ಲಿ, “ನಾನು ನಿಮ್ಮವನು,” ಎಂದರು.

ಬೀದಿಯೇ ಕರಗಿ ನೀರಾಯಿತು.

“ಏನು ವಿನಯ! ಏನು ವಿನಯ!” ಎಂದು ಹಿಂದಿನ ಸಾಲಿನ ಅಜ್ಜಿ ಕಣ್ಣೊರೆಸಿಕೊಂಡಳು. ಅವಳ ಮೂರು ಮಕ್ಕಳಿಗೂ ಅದೇ ಮೇಷ್ಟ್ರು ಬೆತ್ತದ ರುಚಿ ತೋರಿಸಿದ್ದರು. ಚಹಾ ಅಂಗಡಿಯವನು ಚಪ್ಪಾಳೆ ತಟ್ಟುವ ಭರದಲ್ಲಿ ಎರಡು ಗಾಜಿನ ಲೋಟ ಒಡೆದ. ಮೇಷ್ಟ್ರು ಗೆದ್ದರು. ಮತ್ತೆ ಗೆದ್ದರು. ಮೂರನೇ ಸಲವೂ ಗೆದ್ದರು. ಹನ್ನೆರಡು ವರ್ಷ ಅದೇ ಕೋಟು. “ಇದು ನನ್ನ ಬೀದಿಯ ಕೋಟು, ಆ ಶಾಲೆ ನನ್ನ ಮನೆ,” ಎಂದು ಊರೂರಲ್ಲಿ ಹೇಳಿದರು.

ಗುಟ್ಟು ಏನೆಂದು ಕೇಳಿದವರಿಗೆಲ್ಲ ನಾನು ಹೇಳುತ್ತಾ ಬಂದೆ: ಅದಕ್ಕೆ ‘ವಿನಯ ಕಟ್’ ಎಂದು ಹೆಸರು. ನಮ್ಮ ಮುತ್ತಜ್ಜನಿಂದ ಬಂದ ವಿದ್ಯೆ. ಮುತ್ತಜ್ಜ ಒಬ್ಬ ಸೇನಾಪತಿಗೆ ಆ ಕಟ್‌ನಲ್ಲಿ ಅಂಗಿ ಹೊಲಿದುಕೊಟ್ಟನಂತೆ; ಆತ ಯುದ್ಧಭೂಮಿಗೆ ಹೋಗಿ ಶತ್ರುವಿನ ಕ್ಷೇಮ ವಿಚಾರಿಸಿಕೊಂಡು ವಾಪಸು ಬಂದನಂತೆ. ಆಮೇಲೆ ಅಂಗಡಿಯ ಬೋರ್ಡಿನಲ್ಲಿ ದರ್ಜಿ ಎನ್ನುವುದನ್ನು ಅಳಿಸಿ ‘ನಾಯಕರನ್ನು ಹೊಲಿಯುವವರು’ ಎಂದು ಬರೆಸಿದೆ.

ಮೇಷ್ಟ್ರ ಕೋಟು ಹೊಲಿದ ವಾರವೇ, ಅದೇ ಥಾನಿನ ಬಟ್ಟೆಯಲ್ಲಿ ನನ್ನ ಭಾವನಿಗೂ ಒಂದು ಕೋಟು ಹೊಲಿದಿದ್ದೆ. ಅದು ಬೇರೆ ವಿಷಯ. ಅದರ ಮಾತು ಇಲ್ಲಿ ಬೇಡ.

ಆದರೂ ಭಾವನ ಪರಿಚಯ ಬೇಕಾಗುತ್ತದೆ. ನಮ್ಮ ಮನೆಯವಳ ಅಣ್ಣ. ಗಡಿಯಾರ ರಿಪೇರಿ ಕೆಲಸ. ನಲವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಂಥ ತಿರುಪುಗಳನ್ನು ಹುಡುಕಿ ಹುಡುಕಿ ಬೆನ್ನು ಕುಡುಗೋಲಾಗಿದೆ. ನಡೆಯುವಾಗ ಭಾವನ ಮೂಗು ಭಾವನಿಗಿಂತ ಒಂದು ಹೆಜ್ಜೆ ಮೊದಲು ಮನೆ ತಲುಪುತ್ತದೆ. ಕೋಟು ಕೊಟ್ಟ ಮರುದಿನವೇ ಬಂದಿದ್ದ.

“ಭಾವ, ಇದರ ಕಾಲರು ನನ್ನ ಕುತ್ತಿಗೇನೇ ಮುಟ್ಟಲ್ಲ. ಮುಂದುಗಡೆ ನೋಡಿದ್ರೆ ಮೊಣಕಾಲು ಮುಟ್ಟುತ್ತೆ.”

“ಅದು ಈಗಿನ ಫ್ಯಾಶನ್ನು ಭಾವ.”

“ಒಳಗೆ ಗಾಳಿ ಬರುತ್ತೆ.”

“ಅದಕ್ಕೇ ಫ್ಯಾಶನ್ನು ಅಂದದ್ದು.”

ಇರಲಿ. ಮೇಷ್ಟ್ರ ವಿಷಯಕ್ಕೆ ಬರೋಣ. ಮೂರು ವರ್ಷದ ಹಿಂದೆ ಮೇಷ್ಟ್ರು ಮಂತ್ರಿಯಾದರು. ಮಂತ್ರಿಯಾದ ಮೇಲೆ ಹೊಟ್ಟೆ ಬಂತು. ಹೊಟ್ಟೆ ಬಂದ ಮೇಲೆ ನನ್ನ ಕೋಟಿನ ಗುಂಡಿಗಳು ಕಾಜಾಗಳಿಂದ ದೂರವಾದವು. ದೊಡ್ಡ ಊರಿನ ದೊಡ್ಡ ಅಂಗಡಿಯಲ್ಲಿ ಹೊಸ ಕೋಟು ಹೊಲಿಸಿದರು. ಅಂದೇ ಬೆನ್ನು ನೆಟ್ಟಗಾಯಿತು, ಬೆರಳು ಗಾಳಿಗೆ ಹೋಯಿತು. ಒಮ್ಮೆ ನಮ್ಮ ಬೀದಿಯಲ್ಲಿ ಕಾರು ನಿಂತಾಗ ಚಹಾ ಅಂಗಡಿಯವನು ಲೋಟ ಹಿಡಿದು ಓಡಿದ. ಮಂತ್ರಿಗಳು ಅವನ ತಲೆಯ ಮೇಲಿಂದ ಆಚೆ ನೋಡುತ್ತಾ, “ಇಲ್ಲಿ ರಸ್ತೆಗೆ ಅಡ್ಡ ನಿಂತೋರು ಯಾರು?” ಎಂದು ಕೇಳಿದರು. ಕಾರು ಹೊರಟುಹೋಯಿತು. ಅವನು ಆ ಚಹಾವನ್ನು ತಾನೇ ಕುಡಿದ. ಅಂಗಡಿಯ ಗೋಡೆಯ ಮೇಲಿದ್ದ ಮೇಷ್ಟ್ರ ಫೋಟೋ ಮಾರನೇ ದಿನ ಇರಲಿಲ್ಲ. ಗೋಡೆಯೆಲ್ಲ ಹೊಗೆ ಹಿಡಿದಿದ್ದರೂ ಆ ಚೌಕ ಮಾತ್ರ ಬೆಳ್ಳಗಿತ್ತು. ಚಹಾ ಕುಡಿಯುವವರು ಅದನ್ನು ನೋಡುವುದು, ನಿಟ್ಟುಸಿರು ಬಿಡುವುದು, ಇನ್ನೊಂದು ಲೋಟ ತರಿಸುವುದು. ಹೀಗೆ ನಿರಾಶೆಯಿಂದಲೂ ವ್ಯಾಪಾರ ಬೆಳೆಯುತ್ತದೆ.

ಶಾಲೆಯ ಹೆಡ್‌ಮೇಡಂ ಚಾವಣಿ ಸೋರುತ್ತಿದೆ ಎಂದು ಏಳು ಪತ್ರ ಬರೆದರು. ಏಳಕ್ಕೂ ಸೇರಿ ಒಂದು ಉತ್ತರ ಬಂತು. ಅದು ಬೆರಳೆತ್ತಿ ನಿಂತ ಮಂತ್ರಿಗಳ ಬಣ್ಣದ ಫೋಟೋ. ಎಂಟನೆಯ ಪತ್ರಕ್ಕೆ ಬಂದದ್ದು ಆದೇಶ. ಶಾಲೆಯಲ್ಲಿ ಮಕ್ಕಳು ಕಡಿಮೆ, ನಲವತ್ತಮೂರು ಮಾತ್ರ. ಆದ್ದರಿಂದ ಬಾಗಿಲು ಮುಚ್ಚಿ, ಮಕ್ಕಳನ್ನು ಹೆದ್ದಾರಿಯ ಆಚೆಗಿನ ಶಾಲೆಗೆ ಸೇರಿಸತಕ್ಕದ್ದು. ಆ ಹೆದ್ದಾರಿಯನ್ನು ನಾನೇ ದಾಟಬೇಕಾದರೆ ಮೊದಲು ಮನೆಗೆ ಬಂದು ಎಲ್ಲರ ಮುಖ ನೋಡಿಕೊಂಡು ಹೋಗುತ್ತೇನೆ. ಅದನ್ನು ಆರು ವರ್ಷದ ಮಕ್ಕಳು ದಿನಕ್ಕೆ ಎರಡು ಸಲ ದಾಟಬೇಕು.

ಬೀದಿಯವರೆಲ್ಲ ಶಾಲೆಯಲ್ಲಿ ಸೇರಿದೆವು. ಒಂದನೇ ತರಗತಿಯ ಬೆಂಚುಗಳ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತೆವು. ಹೆಡ್‌ಮೇಡಂ ಆದೇಶ ಓದಿ, ಕೆಳಗಿನ ಸಹಿ ತೋರಿಸಿದರು.

“ಅದೇ ಸಹಿ,” ಎಂದ ಚಹಾ ಅಂಗಡಿಯವನು. “ನನ್ನ ಅಂಕಪಟ್ಟಿ ಮೇಲೂ ಹಿಂಗೇ ಹಾಕಿದ್ರು. ಹತ್ತಿದ ಏಣಿ ಒದ್ದುಬಿಟ್ರಲ್ರೀ!”

“ಈಗ ಅವ್ರ ಹತ್ರ ಹೋಗಿ ಹೇಳೋರು ಯಾರು?” ಎಂದರು ಹೆಡ್‌ಮೇಡಂ.

ಬೆಕ್ಕಿಗೆ ಗಂಟೆ ಕಟ್ಟುವವರನ್ನು ಹುಡುಕುವಾಗ ಸಾಮಾನ್ಯವಾಗಿ ಎಲ್ಲರೂ ನೆಲ ನೋಡುತ್ತಾರೆ. ಆ ದಿನ ಎಲ್ಲರೂ ನನ್ನನ್ನು ನೋಡಿದರು.

“ಏನಯ್ಯಾ, ಅವ್ರನ್ನ ಹೊಲ್ದೋನು ನೀನೇ ತಾನೆ?” ಎಂದ ಚಹಾ ಅಂಗಡಿಯವನು. “ಮಾಲು ಕೆಟ್ಟಿದೆ. ಆಲ್ಟ್ರೇಶನ್ ಮಾಡ್ಕೊಡು.”

“ಅದಕ್ಕೇನಂತೆ?” ಎಂದೆ. “ನನ್ನ ಮಾತು ಮೀರಿ ಅವರು ನೀರೂ ಕುಡಿದವರಲ್ಲ. ನಾಳೆಯೇ ಹೋಗ್ತೀನಿ. ಭುಜದ ಮೇಲೆ ಕೈ ಹಾಕಿ, ‘ಮೇಷ್ಟ್ರೇ, ಏನಿದು?’ ಅಂತ ಕೇಳ್ತೀನಿ.”

ನಮ್ಮ ಮನೆಯವಳು ಮೂಲೆಯಲ್ಲಿ ಗಂಟೆಯ ಹಗ್ಗ ಹಿಡಿದು ನಿಂತಿದ್ದಳು. ದಾರಿಯಲ್ಲಿ ಮನೆಗೆ ಬರುವಾಗ ಒಂದೇ ಮಾತು ಹೇಳಿದಳು. “ರೀ, ನೀವು ಹೇಳಿದ್ರಲ್ಲಿ ನೂರಕ್ಕೆ ಒಂದು ಪಾಲು ನಿಜ ಇದ್ರೂ ಸಾಕು. ಈ ಸಲ ಒಂದೇ ಒಂದು ಪಾಲು ಇರ್ಲಿ.”

ಮರುದಿನ ಮಂತ್ರಿಗಳ ಕಚೇರಿಗೆ ಹೋದೆ. ಸಾಕ್ಷಿಗೆಂದು ಚಹಾ ಅಂಗಡಿಯವನು ಬೆನ್ನು ಹತ್ತಿದ. ಬಾಗಿಲಲ್ಲಿ ಕಾವಲುಗಾರರು ನನಗೆ ಸೆಲ್ಯೂಟ್ ಹೊಡೆದರು. ಅದು ನನ್ನ ಹಿಂದಿನ ಕಾರಿಗೆ ಎಂದು ಚಹಾ ಅಂಗಡಿಯವನು ಹೇಳುತ್ತಾನೆ, ಹೊಟ್ಟೆಕಿಚ್ಚು. ಒಳಗೆ ನನಗಾಗಿ ವಿಶೇಷವಾಗಿ ಒಂದು ಬೆಂಚು ಹಾಕಿದ್ದರು. ಅದರಲ್ಲಿ ಇನ್ನೂ ಹದಿನಾಲ್ಕು ಜನ ಕೂತಿದ್ದರು ಎನ್ನುವುದು ಮುಖ್ಯವಲ್ಲ. ನಾಲ್ಕು ಗಂಟೆ ಕಾದ ಮೇಲೆ ಮಂತ್ರಿಗಳೇ ಪಡಸಾಲೆಗೆ ಬಂದರು. ನಾನು ಎದ್ದು ಅಡ್ಡ ನಿಂತೆ. ಅವರು ನನ್ನನ್ನು ನೋಡಿ ಪ್ರೀತಿಯಿಂದ, “ಯಾರಪ್ಪ ಇವನು?” ಎಂದರು. ಒಬ್ಬ ಕಾವಲುಗಾರ ನನ್ನ ತೋಳು ಹಿಡಿದು ಗೌರವದಿಂದ ಗೋಡೆಗೆ ಒತ್ತಿದ. ಭೇಟಿ ಮುಗಿಯಿತು.

ಆಮೇಲೆ ಆಪ್ತ ಕಾರ್ಯದರ್ಶಿ ಕರೆದರು. ಮೂರು ಫೋನು, ಒಂದು ಕಿವಿ; ಹಾಗಾಗಿ ಸದಾ ಗಡಿಬಿಡಿ.

“ಶಾಲೆ ವಿಷಯಾನಾ? ಶನಿವಾರ ಸಾಹೇಬ್ರೇ ನಿಮ್ಮ ಬೀದಿಗೆ ಬರ್ತಾರೆ. ಮುಚ್ಚೋ ಸಮಾರಂಭ. ಚಪ್ಪಾಳೆಗೆ ಜನ ಸೇರ್ಸಿ ಇಡಿ.”

“ಶಾಲೆ ಮುಚ್ಚೋದಕ್ಕೆ ಯಾರು ಸಾರ್ ಚಪ್ಪಾಳೆ ತಟ್ತಾರೆ?” ಎಂದ ಚಹಾ ಅಂಗಡಿಯವನು.

ಕಾರ್ಯದರ್ಶಿ ಫೋನುಗಳನ್ನು ಕೆಳಗಿಟ್ಟರು. ಗೋಡೆಯ ಮೇಲೆ ಹಳೆಯ ಫೋಟೋ ಒಂದಿತ್ತು. ಬಾಗಿದ ಬೆನ್ನು, ಎದೆಯ ಹತ್ತಿರ ಎರಡು ಕೈ, ನನ್ನ ಕೋಟು. ಅದನ್ನು ನೋಡಿ ನಿಟ್ಟುಸಿರು ಬಿಟ್ಟರು. “ಅದೇ ಕಣ್ರೀ ಕಷ್ಟ. ಆ ಕೋಟಿನ ಕಾಲದಲ್ಲಿ ಏನು ಜನ! ಈಗ ಸಭೇಲಿ ಕುರ್ಚಿ ಮಾತ್ರ ಕೂತಿರ್ತಾವೆ. ಮೂರು ವರ್ಷ ಆಯ್ತು, ಸಾಹೇಬ್ರು ಒಂದು ಒಳ್ಳೆ ಚಪ್ಪಾಳೆ ಕೇಳಿ.”

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಮಿಂಚು ಹೊಡೆದದ್ದು ಆ ಕಚೇರಿಯ ದೀಪಗಳೆಲ್ಲ ಮಂಕಾಗುವಷ್ಟು ಪ್ರಖರವಾಗಿತ್ತು.

“ಅಂಥದೇ ಕೋಟು ಇನ್ನೊಂದು ಹೊಲಿದು ಕೊಡ್ತೀನಿ ಸಾರ್. ಶನಿವಾರ, ವೇದಿಕೆ ಮೇಲೆ, ಬೀದಿಯ ಕಾಣಿಕೆ.”

ಕಾರ್ಯದರ್ಶಿ ಎದ್ದು ನನ್ನ ಕೈ ಹಿಡಿದುಕೊಂಡರು. ಅಳತೆಗೆಂದು ಮಂತ್ರಿಗಳ ಈಗಿನ ಕೋಟೊಂದನ್ನು ಚೀಲದಲ್ಲಿ ಹಾಕಿಕೊಟ್ಟರು. ಬೀದಿಗೆ ಬಂದು ನಾನು, “ಮೇಷ್ಟ್ರು ನನ್ನನ್ನು ತಬ್ಬಿಕೊಂಡು, ತಮ್ಮ ಮೈಮೇಲಿನ ಕೋಟನ್ನೇ ಬಿಚ್ಚಿ ಕೊಟ್ಟರು,” ಎಂದೆ. ಚಹಾ ಅಂಗಡಿಯವನು ಕೆಮ್ಮಿದ.

ಹೊಟ್ಟೆ, ಎದೆ, ತೋಳಿನ ಉದ್ದ ಸಿಕ್ಕಿತು. ಆದರೆ ವಿನಯ ಕಟ್‌ಗೆ ಬೆನ್ನೇ ಪ್ರಾಣ. ಆ ಕಟ್ ಮಾಡುವ ಮೊದಲು ವಿನಯವೇ ಮೂರ್ತಿವೆತ್ತ ಒಂದು ಬೆನ್ನನ್ನು ಮುಂದೆ ನಿಲ್ಲಿಸಿ, ಟೇಪಿನಿಂದ ಅದರ ಸ್ಫೂರ್ತಿ ಪಡೆಯಬೇಕೆಂದು ಮುತ್ತಜ್ಜನ ಅಪ್ಪಣೆ. ಹಾಗಾಗಿ ಭಾವನ ಅಂಗಡಿಗೆ ಹೋದೆ. ನನ್ನ ಮಾತಿನ ಮೇಲೆ ಅನುಮಾನ ಬೇಡ, ಸ್ಫೂರ್ತಿಗೆ ಮಾತ್ರ.

ಭಾವ ಒಂದು ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಕುತ್ತಿಗೆಯಿಂದ ಸೊಂಟದವರೆಗೆ ಟೇಪು ಇಟ್ಟೆ. ಚಿಮಟ ಕೆಳಗೆ ಬಿತ್ತು.

“ಏನು ಭಾವ, ಅಳತೆ?”

“ಸುಮ್ನೆ.”

“ಸುಮ್ನೆ ಅಳತೆ ತಗೊಳೋಕೆ ನಿನಗೇನು ಹುಚ್ಚಾ?” ಅವನ ಮುಖ ಅರಳಿತು. “ಗೊತ್ತಾಯ್ತು ಬಿಡು! ಹದಿನೈದು ವರ್ಷದ ಮೇಲೆ ಅಂತೂ ನಿನಗೆ ಪಶ್ಚಾತ್ತಾಪ ಆಯ್ತು. ಹೊಸ ಕೋಟು!”

“ಶನಿವಾರ ವೇದಿಕೆ ಮೇಲೆ ನೋಡು,” ಎಂದು ಹೇಳಿ ತಪ್ಪಿಸಿಕೊಂಡು ಬಂದೆ.

ಮಾತು ಬಾಯಿಂದ ಬಿದ್ದ ಮೇಲೆ ಅದಕ್ಕೆ ನಾಲ್ಕು ಕಾಲು. ನಾನು ಅಂಗಡಿಗೆ ತಲುಪುವ ಮೊದಲೇ ಅದು ಬೀದಿ ಸುತ್ತಿ ಬಂದಿತ್ತು. ಗಡಿಯಾರದ ಭಾವ ನಲವತ್ತು ವರ್ಷ ಶಾಲೆಯ ಗಡಿಯಾರವನ್ನು ಪುಕ್ಕಟೆ ರಿಪೇರಿ ಮಾಡಿದ್ದಕ್ಕೆ ಮಂತ್ರಿಗಳು ಸ್ವತಃ ಅವನಿಗೆ ಕೋಟು ತೊಡಿಸುತ್ತಾರಂತೆ. ಹೊಲಿಯುತ್ತಿರುವವನು ತಂಗಿಯ ಗಂಡನಂತೆ. ಹಿಂದಿನ ಸಾಲಿನ ಅಜ್ಜಿ ಅಂಗಡಿಯ ಮುಂದೆ ನಿಂತು, “ಬಾಯಿ ದೊಡ್ಡದಾದ್ರೂ ಮನಸ್ಸೂ ದೊಡ್ಡದೇ ಕಣಪ್ಪ ನಿಂದು,” ಎಂದಳು. ನಮ್ಮ ಮನೆಯವಳಂತೂ ಮೂರು ದಿನ ನನ್ನ ತಟ್ಟೆಯ ಬ್ರೆಡ್ಡಿಗೆ ಎರಡೂ ಕಡೆ ಬೆಣ್ಣೆ ಸವರಿದಳು. “ಅಂತೂ ನಮ್ಮಣ್ಣನ ಮೇಲೆ ನಿಮ್ಮ ಕಣ್ಣು ಬಿತ್ತಲ್ಲ,” ಎಂದಳು. ಎರಡು ಕಡೆ ಬೆಣ್ಣೆ ಇರುವ ಬ್ರೆಡ್ಡು ಬಾಯಿಯಲ್ಲಿರುವಾಗ ಯಾರೂ ಸತ್ಯ ಹೇಳಲಾರರು. ಪ್ರಯತ್ನ ಮಾಡಿ ನೋಡಿ.

ಅಂಗಡಿಯ ಬಾಗಿಲು ಹಾಕಿಕೊಂಡು ಹೊಲಿದೆ. ಒಮ್ಮೆ ಭಾವ ಕಿಟಕಿಯಲ್ಲಿ ಇಣುಕಿದ.

“ಭಾವ, ಹೊಟ್ಟೆ ಯಾಕಿಷ್ಟು ದೊಡ್ಡದು?”

“ಸನ್ಮಾನ ಆದ ಮೇಲೆ ಎಲ್ರಿಗೂ ಬರುತ್ತೆ ಭಾವ. ಮುಂಜಾಗ್ರತೆ.”

“ಭಲೇ,” ಎಂದು ಖುಷಿಯಾಗಿ ಹೋದ.

ಶನಿವಾರ ಬಂತು. ಶಾಲೆಯ ಅಂಗಳದಲ್ಲಿ ಮೇಜುಗಳನ್ನು ಜೋಡಿಸಿ ವೇದಿಕೆ. ನೆಲದ ಮೇಲೆ ನಲವತ್ತಮೂರು ಮಕ್ಕಳು. ಅವರ ಹಿಂದೆ ಕುರ್ಚಿಯಲ್ಲಿ ಬೀದಿ. ಮೊದಲ ಕುರ್ಚಿಯಲ್ಲಿ ನನ್ನ ಭಾವ, ಹಳೆಯ ಕೋಟು ತೊಟ್ಟು, ಮುಖ ತೊಳೆದು ಹೊಳೆಯುತ್ತಾ ಕೂತಿದ್ದ. ಹೆಡ್‌ಮೇಡಂ ಕಂಕುಳಲ್ಲಿ ಒಂದು ಕಡತ. ಗಂಟೆಯ ಹತ್ತಿರ ನಮ್ಮ ಮನೆಯವಳು. ಕೊನೆಯ ಗಂಟೆ ಅವಳೇ ಬಾರಿಸಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿತ್ತು.

ಮಂತ್ರಿಗಳು ಬಂದರು. ಬೆನ್ನು ಕಂಬ. ಕಣ್ಣು ನಮ್ಮೆಲ್ಲರ ತಲೆಯ ಮೇಲಿಂದ ಹಾದು, ಎದುರು ಮನೆಯ ನೀರಿನ ತೊಟ್ಟಿಯ ಮೇಲೆ ನೆಟ್ಟಿತ್ತು. ಒಬ್ಬರೂ ಕೈ ತಟ್ಟಲಿಲ್ಲ. ಯಾರದೋ ಕುರ್ಚಿ ಕಿರ್ ಎಂದದ್ದು ಬೀದಿಗೆಲ್ಲ ಕೇಳಿಸಿತು.

ಕಾರ್ಯದರ್ಶಿ ಗಡಿಬಿಡಿಯಲ್ಲಿ, “ಈಗ ಬೀದಿಯ ಪರವಾಗಿ ಕೋಟಿನ ಕಾಣಿಕೆ!” ಎಂದು ಕೂಗಿದರು.

ನಾನು ಕೋಟನ್ನು ಬಿಡಿಸಿ ಎತ್ತಿ ಹಿಡಿದೆ. ಕೆಳಗೆ ಭಾವ ಎದ್ದು ನಿಂತು, ಹಳೆಯ ಕೋಟಿನ ಗುಂಡಿ ಬಿಚ್ಚತೊಡಗಿದ. ನಾನು ತಿರುಗಿ ಮಂತ್ರಿಗಳ ಬೆನ್ನ ಹಿಂದೆ ಹೋದೆ. ಭಾವನ ಒಂದು ತೋಳು ಕೋಟಿನಿಂದ ಹೊರಗೆ ಬಂದಿತ್ತು, ಇನ್ನೊಂದು ಒಳಗೇ ಇತ್ತು. ಹಾಗೆಯೇ ಕಲ್ಲಾದ.

ಮೊದಲ ಗುಂಡಿ. ಎರಡನೇ ಗುಂಡಿ. ಮೂರನೆಯದು ಹಾಕಿದ್ದೇ ತಡ, ಬೆನ್ನು ಬಾಗಿತು! ತಲೆ ಮುಂದೆ ಬಂತು! ಬೆರಳೆತ್ತಲು ಹೋದ ಕೈ ಎದೆಯ ಹತ್ತಿರ ಸಿಕ್ಕಿಕೊಂಡು, ಇನ್ನೊಂದು ಕೈಯನ್ನು ಜೊತೆಗೆ ಕರೆದುಕೊಂಡಿತು. ನೀರಿನ ತೊಟ್ಟಿಯ ಮೇಲಿದ್ದ ಕಣ್ಣು ಇಳಿದು ಇಳಿದು ಸೀದಾ ಮೊದಲ ಸಾಲಿನ ಮಕ್ಕಳ ಮೇಲೆ ಬಿತ್ತು. ಬೇರೆಲ್ಲೂ ನೋಡಲು ಕೋಟು ಬಿಡುವುದಿಲ್ಲ.

ಎದುರಿಗಿದ್ದ ಪುಟ್ಟ ಹುಡುಗಿಯೊಬ್ಬಳು ನೆಲವನ್ನೂ ಮಂತ್ರಿಗಳನ್ನೂ ನೋಡಿ, “ಏನಾದ್ರೂ ಬಿದ್ದು ಹೋಯ್ತಾ? ಹುಡುಕಿ ಕೊಡ್ಲಾ?” ಎಂದಳು.

ಮಂತ್ರಿಗಳು ಏನೋ ಹೇಳಹೊರಟು ನಿಂತರು. “ಎಷ್ಟನೇ ಕ್ಲಾಸು?”

“ಎರಡು.”

“ಏಳೇಳಲ?”

“ನಲವತ್ತೊಂಬತ್ತು. ಎಂಟರ ಮಗ್ಗಿ ಇನ್ನೂ ಆಗಿಲ್ಲ. ದೊಡ್ಡ ರೋಡು ದಾಟಿದ ಮೇಲೆ ಹೇಳ್ಕೊಡ್ತಾರಂತೆ.” ಒಂದು ಕ್ಷಣ ತಡೆದು, “ನೀವು ದಾಟಿಸ್ತೀರಾ?” ಎಂದಳು.

ಮಂತ್ರಿಗಳು ಅವಳನ್ನೇ ನೋಡಿದರು. ಬಾಗಿದ ತಲೆ ಬಾಗಿದಂತೆಯೇ ಇತ್ತು. ಹಿಂದಿನ ಸಾಲಿನಿಂದ ಅಜ್ಜಿಯ ದನಿ ಎದ್ದಿತು. “ಅಯ್ಯೋ, ನೋಡ್ರೋ! ತಲೆ ತಗ್ಗಿಸಿ ನಿಂತಿದಾರೆ! ನಮ್ಮ ಮೇಷ್ಟ್ರು ವಾಪಸ್ ಬಂದ್ರು!”

ಆಗ ಬಿದ್ದ ಚಪ್ಪಾಳೆಗೆ ಶಾಲೆಯ ಚಾವಣಿಯಿಂದ ಎರಡು ಹೆಂಚು ಉದುರಿದವು. ಚಹಾ ಅಂಗಡಿಯವನು ಮೊದಲೇ ಲೋಟಗಳನ್ನು ದೂರ ಇಟ್ಟು ಬಂದಿದ್ದ. ಮೂರು ವರ್ಷ ಚಪ್ಪಾಳೆ ಕೇಳದ ಕಿವಿ; ಮಂತ್ರಿಗಳ ಮುಖ ಮೊದಲು ಕೆಂಪಾಯಿತು, ಆಮೇಲೆ ಮೆತ್ತಗಾಯಿತು.

“ಈ ಶಾಲೆ ಮುಚ್ಚುತ್ತೆ ಅಂತ ಯಾರು ಹೇಳಿದ್ದು?” ಎಂದರು ಮೆಲುದನಿಯಲ್ಲಿ.

“ನೀವೇ ಸಾರ್,” ಎಂದರು ಹೆ‌ಡ್‌ಮೇಡಂ.

“ಹಾಗಾದ್ರೆ ನಾನೇ ಹೇಳ್ತೀನಿ. ಮುಚ್ಚಲ್ಲ.”

ಕಾರ್ಯದರ್ಶಿಯ ಮೂರೂ ಫೋನು ಕೆಳಗೆ ಬಿದ್ದವು. ಹೆಡ್‌ಮೇಡಂ ಕಂಕುಳಿನ ಕಡತ ಬಿಚ್ಚಿದರು. ‘ಹಿಂದಿನ ಆದೇಶ ರದ್ದು’ ಎಂದು ಮುತ್ತಿನಂಥ ಅಕ್ಷರದಲ್ಲಿ ಮೊದಲೇ ಬರೆದಿಟ್ಟಿದ್ದರು. ಮೇಷ್ಟ್ರ ತಲೆಯೂ ಕೈಯೂ ಮೇಜಿಗೆ ಹೇಳಿ ಮಾಡಿಸಿದ ಮಟ್ಟದಲ್ಲೇ ಇದ್ದವು. ಸಹಿ ಬಿತ್ತು. ನಮ್ಮ ಮನೆಯವಳು ಗಂಟೆಯನ್ನು ಕೊನೆಯ ಗಂಟೆಯ ಹಾಗೆ ಬಾರಿಸಲಿಲ್ಲ. ಬೆಳಗಿನ ಮೊದಲ ಗಂಟೆಯ ಹಾಗೆ ಬಾರಿಸಿದಳು. ಬಾರಿಸುತ್ತಾ ನನ್ನನ್ನು ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನಾನು ಎದೆಯುಬ್ಬಿಸಿ ಮೈಕಿನ ಹತ್ತಿರ ಹೋಗಿ, “ಬಂಧುಗಳೇ, ಇದೇ ನಮ್ಮ ಮುತ್ತಜ್ಜನ ವಿನಯ ಕಟ್...” ಎಂದೆ.

“ಅದು ನನ್ನ ಕೋಟು!”

ಭಾವ. ಒಂದು ತೋಳು ಒಳಗೆ, ಒಂದು ತೋಳು ಹೊರಗೆ, ಮೂಗು ಮುಂದೆ. ಮೇಜು ಹತ್ತಿ ಬಂದೇಬಿಟ್ಟ.

“ನನ್ನ ಬೆನ್ನಿನ ಅಳತೆ ತಗೊಂಡು ಅವ್ರಿಗೆ ಯಾಕೆ ಹೊಲ್ದೆ ಭಾವ? ಬೇಕಾದ್ರೆ ನೋಡಿ ಎಲ್ರೂ!” ಎಂದು ಮಂತ್ರಿಗಳ ಪಕ್ಕದಲ್ಲಿ ನಿಂತ. ಎರಡು ಬೆನ್ನು, ಒಂದೇ ಬಾಗು. ಒಂದೇ ಅಚ್ಚಿನ ಎರಡು ಕುಡುಗೋಲು. “ಆಗಲೂ ಮೋಸ, ಈಗಲೂ ಮೋಸ! ಹದಿನೈದು ವರ್ಷ ಈ ಹಾಳು ಕೋಟು ಹಾಕ್ಕೊಂಡು ತಿರುಗಿದ್ದೀನಿ. ಕಂಪನಿ ಕೋಟು ಅಂತ ಸುಮ್ನಿದ್ದೆ!”

“ಯಾವ ಕಂಪನಿ?” ಎಂದರು ಹೆಡ್‌ಮೇಡಂ.

“ಒಳಗೆ ಹೆಸರು ಹೊಲ್ದಿದೆಯಲ್ಲ, ನಾನು ಓದೋಕೆ ಹೋಗ್ಲಿಲ್ಲ.” ಭಾವ ಒಳಜೇಬಿನ ಅಸ್ತರು ತಿರುಗಿಸಿ, ಭೂತಗನ್ನಡಿ ಹೆಡ್‌ಮೇಡಂ ಕೈಗೆ ಕೊಟ್ಟ.

ಬಟ್ಟೆ ಅದಲುಬದಲಾಗದಿರಲಿ ಎಂದು ನಾವು ದರ್ಜಿಗಳು ಗಿರಾಕಿಯ ಹೆಸರು ಬರೆದು ಒಂದು ಚೂರು ಬಟ್ಟೆಯನ್ನು ಒಳಗೆ ಹೊಲಿದಿರುತ್ತೇವೆ. ಹೆಡ್‌ಮೇಡಂ ಗಟ್ಟಿಯಾಗಿ ಓದಿದರು. “ಮೇಷ್ಟ್ರು. ನೆಟ್ಟಗಿನ ಬೆನ್ನು.”

ಮಂತ್ರಿಗಳು ಮೆಲ್ಲಗೆ ಕತ್ತು ತಿರುಗಿಸಿದರು. “ನನ್ನ ಹಳೇ ಕೋಟಿನ ಒಳಗೆ ‘ಭಾವ’ ಅಂತ ಇದೆ,” ಎಂದರು. “ಬೀದಿಯೋರು ನನ್ನನ್ನ ನೆಂಟ ಅಂತ ತಿಳ್ಕೊಂಡಿದಾರೆ ಅಂತ... ಎಷ್ಟೋ ಸಲ ಅದನ್ನ ತೆಗೆದು ನೋಡ್ಕೊಂಡಿದೀನಿ.”

“ನೆಂಟರ ಮಕ್ಕಳ ಶಾಲೆ ಮುಚ್ಚೋಕೆ ಬಂದ್ರಲ್ಲ,” ಎಂದಳು ನಮ್ಮ ಮನೆಯವಳು, ಹಗ್ಗ ಬಿಡದೆ. ಆಮೇಲೆ ನನ್ನ ಕಡೆ ತಿರುಗಿದಳು. “ರೀ. ಹೇಳಿ.”

ಮಂತ್ರಿಗಳು ಗುಂಡಿ ಬಿಚ್ಚಿ ಕೋಟನ್ನು ಮೇಜಿನ ಮೇಲೆ ಎಸೆದರು. ಬೆನ್ನು ಚಟ್ಟನೆ ನೆಟ್ಟಗಾಯಿತು. ಬೆರಳು ಮೇಲೆದ್ದು ಕಡತದ ಕಡೆ ತಿರುಗಿತು. “ಆ ಕಾಗದ ಕೊಡಿ ಇಲ್ಲಿ.”

“ಸಹಿ ಆಗಿದೆ ಸಾರ್,” ಎಂದರು ಹೆಡ್‌ಮೇಡಂ, ಕಡತವನ್ನು ಎದೆಗೊತ್ತಿಕೊಂಡು. “ಬರೆದ ಉತ್ತರ ಹೊಡೆದುಹಾಕಬಾರ್ದು ಅಂತ ನೀವೇ ಇದೇ ಶಾಲೇಲಿ ಕಲಿಸ್ತಿದ್ರಿ.”

ಮಂತ್ರಿಗಳು ಅಂಗಳದ ಜನ ಎತ್ತಿ ಹಿಡಿದಿದ್ದ ಫೋನುಗಳನ್ನೆಲ್ಲ ನೋಡಿದರು. ಇಡೀ ಬೀದಿ ಅವರ ಮಾತನ್ನು ಅವುಗಳಲ್ಲಿ ಹಿಡಿದಿಟ್ಟುಕೊಂಡಿತ್ತು. ಹುಡುಗಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಆದರೆ ನೆಟ್ಟಗಾದ ಮೇಲೆ ಅವರಿಗೆ ಅವಳು ಕಾಣಿಸುತ್ತಿರಲಿಲ್ಲ. ನೀರಿನ ತೊಟ್ಟಿಯನ್ನೇ ನೋಡುತ್ತಾ ಕಾರು ಹತ್ತಿದರು.

ಆಮೇಲೆ ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚಹಾ ಅಂಗಡಿಯವನು, “ಹಂಗಾದ್ರೆ ಹನ್ನೆರಡು ವರ್ಷ ನಾವು ಕಣ್ಣೀರು ಹಾಕ್ಕೊಂಡು ಓಟು ಹಾಕಿದ್ದು ಯಾರಿಗಯ್ಯಾ?” ಎಂದು ಕೇಳಿದ.

“ನಮ್ಮಣ್ಣನ ಬೆನ್ನಿಗೆ,” ಎಂದಳು ನಮ್ಮ ಮನೆಯವಳು.

ಎಲ್ಲರೂ ಭಾವನ ಬೆನ್ನನ್ನು ಹೊಸದಾಗಿ ನೋಡಿದರು. ಅವನು ಹೊಸ ಕೋಟು ತೊಟ್ಟುಕೊಳ್ಳುವುದರಲ್ಲಿ ಮುಳುಗಿದ್ದ. ಬೆನ್ನು ಎರಕ ಹೊಯ್ದ ಹಾಗೆ ಕೂತಿತ್ತು. ಮುಂದೆ ಮಾತ್ರ ಇನ್ನೊಬ್ಬ ಭಾವ ಹಿಡಿಸುವಷ್ಟು ಜಾಗ. “ಮುಂದಿನ ಸಲ ನೀನೇ ನಿಂತ್ಕೊಳೋ,” ಎಂದಳು ಅಜ್ಜಿ. “ನನಗೆ ಶಾಲೆ ಗಡಿಯಾರ ನೋಡ್ಬೇಕು, ಏಳು ನಿಮಿಷ ಹಿಂದಿದೆ,” ಎಂದು ಅವನು ಒಳಗೆ ಹೋದ.

ಬೋರ್ಡಿನಲ್ಲಿ ಈಗ ‘ದರ್ಜಿ’ ಎಂದಷ್ಟೇ ಇದೆ. ನಮ್ಮ ಮನೆಯವಳೇ ಬಣ್ಣ ಬಳಿದಳು. ಬಳಿದು, ಬ್ರಷ್ಷನ್ನು ಕೈಯಲ್ಲೇ ಹಿಡಿದುಕೊಂಡು, ‘ಆ ಕಥೆ ಬರೆಯೋದಾದ್ರೆ ಕೊನೇಲಾದ್ರೂ ನಿಜ ಬರೀರಿ’ ಎಂದು ಎದುರಿಗೆ ಕೂತಿದ್ದಾಳೆ. ಬರೆಯುತ್ತೇನೆ.

ವಿನಯ ಕಟ್ ಎಂಬುದು ಇಲ್ಲ. ಮುತ್ತಜ್ಜ ದರ್ಜಿಯೂ ಅಲ್ಲ, ಆತ ಚೀಲ ಹೊಲಿಯುತ್ತಿದ್ದ. ಹದಿನೈದು ವರ್ಷದ ಹಿಂದೆ ನನ್ನ ಮೇಜಿನ ಮೇಲೆ ಒಂದೇ ಬಣ್ಣದ ಎರಡು ಕೋಟು, ಒಂದೇ ಕಾಗದದ ಎರಡು ಪೊಟ್ಟಣ ಇದ್ದವು. ಚೀಟಿ ನೋಡದೆ ಭಾವನದನ್ನು ಮೇಷ್ಟ್ರಿಗೆ, ಮೇಷ್ಟ್ರದನ್ನು ಭಾವನಿಗೆ ಕೊಟ್ಟೆ. ಗೂನು ಬೆನ್ನಿಗೆ ಹಿಂದೆ ಉದ್ದ, ಮುಂದೆ ಗಿಡ್ಡ ಕತ್ತರಿಸುತ್ತೇವೆ. ನೆಟ್ಟಗಿನವನು ಅದನ್ನು ತೊಟ್ಟರೆ ಬಾಗದೆ ಬೇರೆ ದಾರಿಯಿಲ್ಲ. ಆ ಮೊದಲ ಸಭೆಯಲ್ಲಿ ಮೇಷ್ಟ್ರು ಬಾಗಿದ ಕೂಡಲೇ ನನಗೆ ಗೊತ್ತಾಯಿತು. ಎದ್ದು ನಿಂತು, ‘ತಪ್ಪಾಯ್ತು, ಕೋಟು ಬದಲಾಗಿದೆ’ ಎಂದು ಕೂಗಲು ಬಾಯಿಯನ್ನೂ ತೆರೆದಿದ್ದೆ.

ಅಷ್ಟರಲ್ಲಿ ನೀವೆಲ್ಲ ಚಪ್ಪಾಳೆ ತಟ್ಟಿಬಿಟ್ಟಿರಿ.